ಡಬ್ಬಿಯ ಬೆನ್ನು ಓದುವುದು ಹೇಗೆ: ಪ್ರೋಬಯಾಟಿಕ್ ಕೊಳ್ಳುವವರಿಗೊಂದು ಕೈಪಿಡಿ

ಅಮ್ಮನ ಹಲ್ಲಿನ ಬುಡ ಕೀವುಗಟ್ಟಿ ವೈದ್ಯರು ಐದು ದಿನದ ಆಂಟಿಬಯಾಟಿಕ್ ಬರೆದುಕೊಟ್ಟಿದ್ದರು. ಔಷಧಿ ಅಂಗಡಿಯವರು ಚೀಟಿ ನೋಡಿ ಮಾತ್ರೆ ಕೊಟ್ಟರು. ಜೊತೆಗೆ ಚೀಟಿಯಲ್ಲಿ ಇಲ್ಲದ ಇನ್ನೊಂದು ಕ್ಯಾಪ್ಸೂಲ್ ಪಟ್ಟಿಯನ್ನೂ ಕವರಿಗೆ ಹಾಕಿದರು. ಇದು ಯಾಕೆ ಎಂದು ಕೇಳಿದೆ. "ಹೊಟ್ಟೆಗೆ ಒಳ್ಳೆಯದು ಸಾರ್, ಪ್ರೀ, ಪ್ರೋ ಎರಡೂ ಇದೆ" ಎಂದರು. ಬಿಲ್ಲಿನಲ್ಲಿ ನೋಡಿದರೆ ರೋಗಕ್ಕೆ ಕೊಟ್ಟ ಮಾತ್ರೆಗಿಂತ ಹೊಟ್ಟೆಗೆ ಕೊಟ್ಟ ಕ್ಯಾಪ್ಸೂಲೇ ದುಬಾರಿ.

ಮನೆಗೆ ಬಂದು ಪಟ್ಟಿಯ ಹಿಂಭಾಗವನ್ನು ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ಓದಿದೆ. 'ಲ್ಯಾಕ್ಟಿಕ್ ಆಸಿಡ್ ಬ್ಯಾಸಿಲಸ್ 60 ಮಿಲಿಯನ್, ಫ್ರಕ್ಟೋ ಆಲಿಗೋಸ್ಯಾಕರೈಡ್ 100 ಮಿಲಿಗ್ರಾಂ'. ಅಷ್ಟೇ. ಯಾವ ಬ್ಯಾಸಿಲಸ್, ಅದರ ತಳಿ ಯಾವುದು ಎಂಬುದಕ್ಕೆ ಪಟ್ಟಿಯಲ್ಲಿ ಒಂದಕ್ಷರವೂ ಇರಲಿಲ್ಲ. ಅಂದಿನಿಂದ ಡಬ್ಬಿಗಳ ಬೆನ್ನು ಓದುವುದು ನನಗೆ ಚಟವಾಗಿದೆ. ಆ ಚಟದಿಂದ ಕಲಿತದ್ದನ್ನು ಕ್ರಮವಾಗಿ ಬರೆದಿದ್ದೇನೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ; ಅಂಗಡಿಯ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಎಂದುಕೊಳ್ಳಿ.

ಹೆಜ್ಜೆ 1: ಮೂರು ಹೆಸರುಗಳ ಗೊಂದಲ ಕಳೆದುಕೊಳ್ಳಿ

ಪ್ರೋಬಯಾಟಿಕ್ ಎಂದರೆ ಜೀವಂತ ಸೂಕ್ಷ್ಮಜೀವಿ. ಬರೀ ಜೀವಂತವಾಗಿದ್ದರೆ ಸಾಲದು, ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಪ್ರಯೋಜನವಾಗಬೇಕು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಹಾಗೂ ಕೃಷಿ ಸಂಸ್ಥೆಯ ತಜ್ಞರು ಅರ್ಜೆಂಟೀನಾದಲ್ಲಿ ಸೇರಿ ಒಪ್ಪಿದ ಅರ್ಥ ಇದು. ಪ್ರಿಬಯಾಟಿಕ್ ಎಂಬುದು ಆ ಜೀವಿಗಳ ಮೇವು: ನಮ್ಮ ಸಣ್ಣ ಕರುಳಿಗೆ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಆರಿಸಿ ತಿನ್ನುವ ಪದಾರ್ಥ. ಗಿಬ್ಸನ್ ಮತ್ತು ರಾಬರ್‌ಫ್ರಾಯ್ಡ್ ಎಂಬ ಇಬ್ಬರು ವಿಜ್ಞಾನಿಗಳು 1995ರಲ್ಲಿ ಈ ಪದವನ್ನು ಟಂಕಿಸಿದರು.

ಪೋಸ್ಟ್‌ಬಯಾಟಿಕ್ ಮೂವರಲ್ಲಿ ಕಿರಿಯದು. ಈ ಕ್ಷೇತ್ರದ ಅಂತಾರಾಷ್ಟ್ರೀಯ ವೈಜ್ಞಾನಿಕ ಸಂಘ 2021ರಲ್ಲಿ ಅದಕ್ಕೊಂದು ಅರ್ಥ ಕೊಟ್ಟಿತು: ನಿರ್ಜೀವಗೊಳಿಸಿದ ಸೂಕ್ಷ್ಮಜೀವಿಗಳು ಅಥವಾ ಅವುಗಳ ತುಣುಕುಗಳು, ಆರೋಗ್ಯಕ್ಕೆ ಪ್ರಯೋಜನ ಕೊಟ್ಟರೆ, ಪೋಸ್ಟ್‌ಬಯಾಟಿಕ್. ಸತ್ತದ್ದರಿಂದ ಏನು ಪ್ರಯೋಜನ ಎಂದು ಮೂಗು ಮುರಿಯಬೇಕಿಲ್ಲ. ಪ್ಯಾಶ್ಚರೀಕರಿಸಿದ ಅಕ್ಕರ್ಮ್ಯಾನ್ಸಿಯಾ ಎಂಬ ಬ್ಯಾಕ್ಟೀರಿಯಾವನ್ನು ಹೊಸ ಆಹಾರವಾಗಿ ಬಳಸುವುದು ಸುರಕ್ಷಿತ ಎಂದು ಯೂರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ ಅದೇ 2021ರಲ್ಲಿ ಹೇಳಿದೆ. ಸತ್ತ ಜೀವಿಗೆ ಫ್ರಿಜ್ ಬೇಡ, ಬಿಸಿಲಿನ ಭಯವಿಲ್ಲ. ತಯಾರಕರಿಗೆ ಅದರ ಮೇಲೆ ಇಷ್ಟೊಂದು ಒಲವು ಬಂದಿರುವುದಕ್ಕೆ ಇದೂ ಒಂದು ಕಾರಣ. ಆದರೆ 'ಬ್ಯುಟಿರೇಟ್' ಎಂಬ ಶುದ್ಧ ರಾಸಾಯನಿಕವನ್ನು ಮಾತ್ರ ತುಂಬಿ ಪೋಸ್ಟ್‌ಬಯಾಟಿಕ್ ಎಂದು ಹೆಸರಿಟ್ಟ ಡಬ್ಬಿ ಕಂಡರೆ, ಆ ಅರ್ಥದ ಪ್ರಕಾರ ಅದು ಪೋಸ್ಟ್‌ಬಯಾಟಿಕ್ ಅಲ್ಲ ಎಂಬುದು ನೆನಪಿರಲಿ.

ಹೆಜ್ಜೆ 2: ಯಾವ ತೊಂದರೆಗೆ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

'ಹೊಟ್ಟೆಗೆ ಒಳ್ಳೆಯದು' ಎಂಬುದು ಉತ್ತರವೇ ಅಲ್ಲ. ಸಂಶೋಧನೆಗಳು ಒಂದೊಂದು ತೊಂದರೆಗೆ ಒಂದೊಂದು ರೀತಿ ಮಾತಾಡುತ್ತವೆ.

ಆಂಟಿಬಯಾಟಿಕ್ ಜೊತೆ ಬರುವ ಭೇದಿಯನ್ನೇ ನೋಡಿ. ಮಕ್ಕಳ ಮೇಲೆ ನಡೆದ 33 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಕಾಕ್ರೇನ್ (ಇಂಥ ಪ್ರಯೋಗಗಳನ್ನು ಒರೆಗೆ ಹಚ್ಚುವ ಅಂತಾರಾಷ್ಟ್ರೀಯ ಸಂಶೋಧಕರ ಜಾಲ) ಸಮೀಕ್ಷೆ ಪ್ರಕಟವಾಯಿತು. ಪ್ರೋಬಯಾಟಿಕ್ ಪಡೆದ ಮಕ್ಕಳಲ್ಲಿ ಶೇ 8ರಷ್ಟು ಮಂದಿಗೆ ಭೇದಿಯಾದರೆ, ಪಡೆಯದವರಲ್ಲಿ ಶೇ 19ರಷ್ಟು ಮಂದಿಗೆ ಆಯಿತು. ಒಳ್ಳೆಯ ಫಲಿತಾಂಶವೇ. ಆದರೆ ಬ್ರಿಟನ್ನಿನಲ್ಲಿ 65 ದಾಟಿದ 2,900ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಬೇರೆ ತಳಿಗಳ ಮಿಶ್ರಣ ಕೊಟ್ಟಾಗ, ಯಾವ ವ್ಯತ್ಯಾಸವೂ ಕಾಣಲಿಲ್ಲ. ನನ್ನ ಅಮ್ಮನ ವಯಸ್ಸು ಈ ಎರಡನೆಯ ಗುಂಪಿಗೆ ಸೇರುತ್ತದೆ.

ಮಕ್ಕಳ ವಾಂತಿಭೇದಿಯ ವಿಷಯದಲ್ಲಿ ಅಮೆರಿಕ ಮತ್ತು ಕೆನಡಾದ ಎರಡು ದೊಡ್ಡ ಪ್ರಯೋಗಗಳು 2018ರಲ್ಲಿ 'ಪ್ರಯೋಜನವಿಲ್ಲ' ಎಂದವು. ನಮ್ಮಲ್ಲಿ ಮಗುವಿಗೆ ಭೇದಿ ಹತ್ತಿದರೆ ಮೊದಲ ಖರ್ಚು ಓಆರ್‌ಎಸ್ ಪೊಟ್ಟಣಕ್ಕೆ, ಎರಡನೆಯದು ಸತುವಿನ ಮಾತ್ರೆಗೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10 ಮಿಲಿಗ್ರಾಂ ಸತುವನ್ನು 10ರಿಂದ 14 ದಿನ ಕೊಡಬೇಕು. ಇವೆರಡನ್ನೂ ಬಿಟ್ಟು ಬಣ್ಣದ ಪ್ರೋಬಯಾಟಿಕ್ ಬಾಟಲಿ ಹಿಡಿದು ಮನೆಗೆ ಓಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ತೂಕ ಇಳಿಸಲು, ಮೊಡವೆ ಹೋಗಲು, ಮನಸ್ಸು ಹಗುರಾಗಲು ಎಂದು ಮಾರುವವುಗಳು. ಅವುಗಳ ಜಾಹೀರಾತಿನಷ್ಟು ಗಟ್ಟಿಯಾದ ಪುರಾವೆ ಅವುಗಳ ಹಿಂದೆ ಇಲ್ಲ. ಮುಂದೆ ಹೋಗೋಣ.

ಹೆಜ್ಜೆ 3: ಆಹಾರವೋ ಔಷಧವೋ ನೋಡಿ

ಒಂದೇ ಜಾತಿಯ ಜೀವಿ ನಮ್ಮ ಅಂಗಡಿಗಳಲ್ಲಿ ಎರಡು ವೇಷದಲ್ಲಿ ಸಿಗುತ್ತದೆ. ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ (ನಮ್ಮ ದೇಶದ ಆಹಾರ ಸುರಕ್ಷಾ ಪ್ರಾಧಿಕಾರ) ಗುರುತೂ 14 ಅಂಕಿಯ ಸಂಖ್ಯೆಯೂ ಇದ್ದರೆ ಅದು ಆಹಾರ. ಅದು ರೋಗ ಗುಣಪಡಿಸುತ್ತದೆ ಎಂದು ಹೇಳಿಕೊಳ್ಳುವಂತಿಲ್ಲ. ಔಷಧವಾಗಿ ಬಳಸಲು ಅಲ್ಲ ಎಂಬ ಸಾಲು ಅದರ ಮೇಲೆ ಇರಬೇಕು. ಔಷಧವಾಗಿ ನೋಂದಾಯಿಸಿದ್ದಾದರೆ ಔಷಧ ತಯಾರಿಕೆಯ ಪರವಾನಗಿ ಸಂಖ್ಯೆ ಇರುತ್ತದೆ. ಮುಂದೆ 'ಪೂರಕ ಆಹಾರ' ಎಂದು ಬರೆದು ಹಿಂದೆ ಮಲಬದ್ಧತೆ, ಮಧುಮೇಹ, ಬೊಜ್ಜು ಮೂರನ್ನೂ ಓಡಿಸುತ್ತೇನೆ ಎನ್ನುವ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ. ಸಂಖ್ಯೆ ನಿಜವೇ ಎಂದು ನೋಡಲು ಪ್ರಾಧಿಕಾರದ 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್ ಇದೆ. ದೂರು ಕೊಡಲೂ ಅದೇ ದಾರಿ.

ಹೆಜ್ಜೆ 4: ತಳಿಯ ಹೆಸರು ಹುಡುಕಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಸ್ವಲ್ಪ ನಿಧಾನಿಸಿ.

ಬಿತ್ತನೆಗೆ ಹೊರಟ ರೈತ ಅಂಗಡಿಗೆ ಹೋಗಿ 'ಒಂದು ಚೀಲ ಭತ್ತ ಕೊಡಿ' ಎನ್ನುವುದಿಲ್ಲ. ಜಯಾ ಬೇಕೋ, ಐಆರ್-64 ಬೇಕೋ, ಎಂಟಿಯು-1010 ಬೇಕೋ ಎಂದು ಬಿಡಿಸಿ ಹೇಳುತ್ತಾನೆ. ಎಲ್ಲವೂ ಭತ್ತವೇ, ಆದರೆ ಗದ್ದೆ, ನೀರು, ತಿಂಗಳು ಬೇರೆಯಾದರೆ ಬೆಳೆಯೂ ಬೇರೆ. ಬ್ಯಾಕ್ಟೀರಿಯಾದಲ್ಲೂ ಹಾಗೆಯೇ. ಕುಲ, ಪ್ರಭೇದ, ತಳಿ ಎಂಬ ಮೂರು ಮೆಟ್ಟಿಲಿನ ಹೆಸರು ಇರಬೇಕು. 'ಲ್ಯಾಕ್ಟೊಬ್ಯಾಸಿಲಸ್' ಎಂದಷ್ಟೇ ಬರೆದಿದ್ದರೆ ಅದು 'ಒಂದು ಚೀಲ ಧಾನ್ಯ' ಎಂದಂತೆ. 'ಲ್ಯಾಕ್ಟೊಬ್ಯಾಸಿಲಸ್ ರ್‍ಹಾಮ್ನೋಸಸ್' ಎಂದರೆ 'ಒಂದು ಚೀಲ ಭತ್ತ'. 'ಲ್ಯಾಕ್ಟೊಬ್ಯಾಸಿಲಸ್ ರ್‍ಹಾಮ್ನೋಸಸ್ ಜಿಜಿ, ಎಟಿಸಿಸಿ 53103' ಎಂದರೆ ಮಾತ್ರ ಯಾವ ಪ್ರಯೋಗದ ಫಲಿತಾಂಶ ಯಾವ ಡಬ್ಬಿಗೆ ಸೇರಿದ್ದು ಎಂದು ಹೊಂದಿಸಿ ನೋಡಬಹುದು.

ಆ ಕೊನೆಯ ಅಕ್ಷರಗಳಿಗೂ ಅರ್ಥವಿದೆ. ಅವು ಆ ತಳಿಯನ್ನು ಠೇವಣಿ ಇಟ್ಟ ಭಂಡಾರದ ವಿಳಾಸ. ಎಟಿಸಿಸಿ ಎಂದರೆ ಅಮೆರಿಕದ ಭಂಡಾರ, ಸಿಎನ್‌ಸಿಎಂ ಎಂದರೆ ಪ್ಯಾರಿಸ್ಸಿನ ಪ್ಯಾಶ್ಚರ್ ಸಂಸ್ಥೆಯದು, ಡಿಎಸ್‌ಎಂ ಜರ್ಮನಿಯದು, ಎಂಟಿಸಿಸಿ ನಮ್ಮ ಚಂಡೀಗಢದ್ದು. ಬೆಂಗಳೂರಿನ ಸಮಿ-ಸಬಿನ್ಸಾ ಸಮೂಹ ತಯಾರಿಸುವ ಬ್ಯಾಸಿಲಸ್ ಕೋಯಾಗ್ಯುಲನ್ಸ್ ಎಂಟಿಸಿಸಿ 5856 ಎಂಬ ತಳಿಯ ಹೆಸರನ್ನು ಹೊರದೇಶದ ಡಬ್ಬಿಗಳ ಬೆನ್ನಿನ ಮೇಲೆಯೂ ಓದಬಹುದು. 1923ರಲ್ಲಿ ಇಂಡೋಚೀನಾದಲ್ಲಿ ಕಾಲರಾ ಹಬ್ಬಿದಾಗ ಅಲ್ಲಿನ ಜನ ಲಿಚಿ, ಮ್ಯಾಂಗೋಸ್ಟೀನ್ ಹಣ್ಣಿನ ಸಿಪ್ಪೆ ಕುದಿಸಿ ಕುಡಿಯುವುದನ್ನು ಕಂಡ ಆನ್ರಿ ಬುಲಾರ್ ಎಂಬ ಫ್ರೆಂಚ್ ವಿಜ್ಞಾನಿ ಅದರಿಂದ ಒಂದು ಯೀಸ್ಟ್ ಬೇರ್ಪಡಿಸಿದ. ಇಂದು ಅದು ಸ್ಯಾಕರೋಮೈಸಿಸ್ ಬುಲಾರ್ಡಿ ಸಿಎನ್‌ಸಿಎಂ ಐ-745.

ಅಮ್ಮನ ಪಟ್ಟಿಯಲ್ಲಿದ್ದ 'ಲ್ಯಾಕ್ಟಿಕ್ ಆಸಿಡ್ ಬ್ಯಾಸಿಲಸ್' ಇಂಥ ಹೆಸರೇ ಅಲ್ಲ, ಅಡ್ಡಹೆಸರು. ಅದನ್ನೇ 'ಲ್ಯಾಕ್ಟೊಬ್ಯಾಸಿಲಸ್ ಸ್ಪೋರೋಜಿನಿಸ್' ಎಂದೂ ಬರೆಯುವುದುಂಟು. ವಿಜ್ಞಾನಿಗಳು ಆ ಹೆಸರನ್ನು ಕೈಬಿಟ್ಟು ಬಹಳ ಕಾಲವಾಯಿತು. ಅದರ ಬದಲು ಬಂದ ಹೆಸರು ಬ್ಯಾಸಿಲಸ್ ಕೋಯಾಗ್ಯುಲನ್ಸ್; ವಿಜ್ಞಾನಿಗಳು ಈಗ ಅದನ್ನೂ ಬದಲಿಸಿ ಹೇಂಡ್ರಿಕ್ಸಿಯಾ ಕೋಯಾಗ್ಯುಲನ್ಸ್ ಎನ್ನುತ್ತಾರೆ. ಹೆಸರನ್ನೇ ತಿದ್ದಿಕೊಳ್ಳದವರು ಉಳಿದದ್ದನ್ನು ಎಷ್ಟು ಕಾಳಜಿಯಿಂದ ಮಾಡಿರಬಹುದು? ಒಂದು ಎಚ್ಚರಿಕೆ: 2020ರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಕುಲವನ್ನೇ ಒಡೆದು 25 ಕುಲಗಳಾಗಿ ಹಂಚಿದ್ದಾರೆ. ಹಾಗಾಗಿ ಹೊಸ ಡಬ್ಬಿಗಳಲ್ಲಿ 'ಲ್ಯಾಕ್ಟಿಕೇಸಿಬ್ಯಾಸಿಲಸ್' ಎಂದು ಕಂಡರೆ ಬೇರೆ ಜೀವಿ ಎಂದು ಗಾಬರಿಯಾಗಬೇಡಿ. ತಳಿಯ ಸಂಖ್ಯೆ ಅದೇ ಇದ್ದರೆ ಜೀವಿಯೂ ಅದೇ.

ತಳಿಯ ಮಹತ್ವ ತಿಳಿಯಲು ನಮ್ಮ ದೇಶದ್ದೇ ಒಂದು ಉದಾಹರಣೆ ಸಾಕು. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಪ್ರಯೋಗ 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದೇ ಒಂದು ತಳಿ, ಎಟಿಸಿಸಿ 202195, ಅದರ ಮೇವಿನ ಜೊತೆ ಏಳು ದಿನ. ನಂಜು ಮತ್ತು ಸಾವು ಸೇರಿದ ಲೆಕ್ಕದಲ್ಲಿ ಶೇ 40ರಷ್ಟು ಇಳಿಕೆ. ಆ ಶಿಶುಗಳು ಅವಧಿ ತುಂಬಿ ಹುಟ್ಟಿದ್ದವು ಅಥವಾ ಅದಕ್ಕೆ ಹತ್ತಿರವಾಗಿದ್ದವು, ಎದೆಹಾಲು ಕುಡಿಯುತ್ತಿದ್ದವು. ಈ ಫಲಿತಾಂಶವನ್ನು ಹಿಡಿದು ಅಂಗಡಿಯ ಯಾವುದೋ ಹನಿಯ ಬಾಟಲಿಯನ್ನು ಮಗುವಿಗೆ ಹಾಕುವುದು ಜಯಾ ಭತ್ತದ ಇಳುವರಿ ಕೇಳಿ ಜೋಳ ಬಿತ್ತಿದ ಹಾಗೆ.

ಹೆಜ್ಜೆ 5: ಮಿಲಿಯನ್, ಬಿಲಿಯನ್ ಬಿಡಿ, ಕೋಟಿಯಲ್ಲಿ ಲೆಕ್ಕ ಹಾಕಿ

100 ಕೋಟಿ ಸೇರಿದರೆ ಒಂದು ಬಿಲಿಯನ್, 10 ಲಕ್ಷ ಸೇರಿದರೆ ಒಂದು ಮಿಲಿಯನ್. ಡಬ್ಬಿಯ ಮೇಲಿನ 'ಸಿಎಫ್‌ಯು' ಎಂದರೆ ಬೆಳೆಯಬಲ್ಲ ಜೀವಿಗಳ ಎಣಿಕೆ. ಪ್ರೋಬಯಾಟಿಕ್ ಆಹಾರದ ಒಂದು ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಕಣಗಳಿರಬೇಕು ಎಂದು ನಮ್ಮ ಆಹಾರ ಸುರಕ್ಷಾ ಪ್ರಾಧಿಕಾರದ 2016ರ ನಿಯಮ ಹೇಳುತ್ತದೆ. ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ 65 ಮಿಲಿಲೀಟರಿನ ಯಾಕುಲ್ಟ್ ಬಾಟಲಿಯ ಮೇಲೆ 650 ಕೋಟಿ ಎಂದಿದೆ. ಮೇಲೆ ಹೇಳಿದ ಕಾಕ್ರೇನ್ ಸಮೀಕ್ಷೆಯಲ್ಲಿ ಮಕ್ಕಳಿಗೆ ಹೆಚ್ಚು ಫಲ ಕೊಟ್ಟದ್ದು ದಿನಕ್ಕೆ 500 ಕೋಟಿ ಅಥವಾ ಅದಕ್ಕೂ ಹೆಚ್ಚಿನ ಪ್ರಮಾಣ.

ಅಮ್ಮನ ಕ್ಯಾಪ್ಸೂಲಿನಲ್ಲಿ 60 ಮಿಲಿಯನ್, ಅಂದರೆ 6 ಕೋಟಿ. ದಿನಕ್ಕೆ ಎರಡು ನುಂಗಿದರೆ 12.

ಇನ್ನೊಂದು ಸೂಕ್ಷ್ಮ. ಸಂಖ್ಯೆ 'ತಯಾರಿಸಿದ ಸಮಯದಲ್ಲಿ' ಇದ್ದದ್ದೋ 'ಅವಧಿ ಮುಗಿಯುವ ತನಕ' ಇರುವುದೋ ಎಂದು ಓದಿ. ಮೊದಲನೆಯದು ಹೊರಡುವಾಗ ಬಸ್ಸಿನಲ್ಲಿ ಎಷ್ಟು ಜನ ಇದ್ದರು ಎಂಬ ಲೆಕ್ಕ. ನಮಗೆ ಬೇಕಾದದ್ದು ಊರು ತಲುಪಿದವರ ಲೆಕ್ಕ. ಹಾಗೆಯೇ 'ಹದಿನಾಲ್ಕು ತಳಿಗಳ ಶಕ್ತಿ' ಎಂಬ ಮಾತಿಗೆ ಮರುಳಾಗಬೇಡಿ. ಪ್ರಯೋಗದಲ್ಲಿ ಗೆದ್ದದ್ದು ಒಂದೇ ತಳಿಯಾಗಿದ್ದರೆ, ಉಳಿದ ಹದಿಮೂರು ಮೆರವಣಿಗೆಗೆ ಸೇರಿಕೊಂಡವು.

ಹೆಜ್ಜೆ 6: ಬಿಸಿಲು ಮತ್ತು ಫ್ರಿಜ್

ಲ್ಯಾಕ್ಟೊಬ್ಯಾಸಿಲಸ್ ಮತ್ತು ಬೈಫಿಡೊಬ್ಯಾಕ್ಟೀರಿಯಂ ಬಿಸಿಗೆ ಸುಲಭವಾಗಿ ಸಾಯುತ್ತವೆ; ಹಲವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬ್ಯಾಸಿಲಸ್ ಜಾತಿಯವು ಬೀಜಾಣುಗಳಾಗಿ ಗಟ್ಟಿ ಕವಚದೊಳಗೆ ನಿದ್ರಿಸುವುದರಿಂದ ಹೊರಗಿಟ್ಟರೂ ನಡೆಯುತ್ತದೆ. ಒಮ್ಮೆ ಏಪ್ರಿಲ್ ತಿಂಗಳಲ್ಲಿ ನಾನು ಆನ್‌ಲೈನ್‌ನಲ್ಲಿ ತರಿಸಿದ ಪುಡಿಯ ಪೊಟ್ಟಣಗಳು ಕಲಬುರಗಿಯ ಬಿಸಿಲಿನಲ್ಲಿ ಅರ್ಧ ದಿನ ಗೇಟಿನ ಮೇಲೆ ಕುಳಿತಿದ್ದವು. ಪೆಟ್ಟಿಗೆಯ ಮೇಲೆ 'ತಂಪಾಗಿಡಿ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅಂಥದ್ದನ್ನು ಪಕ್ಕದ ಅಂಗಡಿಯ ಫ್ರಿಜ್ಜಿನಿಂದ ಕೊಳ್ಳುವುದೇ ವಾಸಿ. ಬಿಸಿ ಹಾಲಿಗೆ, ಬಿಸಿ ಗಂಜಿಗೆ ಕಲಸಬೇಡಿ.

ಆಂಟಿಬಯಾಟಿಕ್ ಜೊತೆಗೆ ತೆಗೆದುಕೊಳ್ಳುವುದಾದರೆ ಎರಡರ ನಡುವೆ ಎರಡು ಗಂಟೆಯಾದರೂ ಅಂತರ ಇರಲಿ. ಬುಲಾರ್ಡಿ ಯೀಸ್ಟ್ ಆದ್ದರಿಂದ ಬ್ಯಾಕ್ಟೀರಿಯಾದ ಔಷಧ ಅದನ್ನು ಕೊಲ್ಲುವುದಿಲ್ಲ. ಆದರೆ ಶಿಲೀಂಧ್ರದ ಔಷಧ ನುಂಗುತ್ತಿದ್ದರೆ ಅದೂ ಸಾಯುತ್ತದೆ.

ಹೆಜ್ಜೆ 7: ಮೇವನ್ನು ಗ್ರಾಮಿನಲ್ಲಿ ಅಳೆಯಿರಿ

ಇನ್ಯುಲಿನ್, ಫ್ರಕ್ಟೋ ಆಲಿಗೋಸ್ಯಾಕರೈಡ್, ಗ್ಯಾಲಕ್ಟೋ ಆಲಿಗೋಸ್ಯಾಕರೈಡ್: ಡಬ್ಬಿಯಲ್ಲಿ ಸಿಗುವ ಪ್ರಿಬಯಾಟಿಕ್‌ಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದು. ಪ್ರಯೋಜನ ಬೇಕಾದರೆ ಸಾಮಾನ್ಯವಾಗಿ ದಿನಕ್ಕೆ ಸುಮಾರು 5 ಗ್ರಾಂ ಬೇಕು. ಅಮ್ಮನ ಕ್ಯಾಪ್ಸೂಲಿನಲ್ಲಿ 100 ಮಿಲಿಗ್ರಾಂ ಇತ್ತು. 5 ಗ್ರಾಂ ಆಗಲು ಐವತ್ತು ಕ್ಯಾಪ್ಸೂಲ್ ನುಂಗಬೇಕು. 'ಪ್ರೀ, ಪ್ರೋ ಎರಡೂ ಇದೆ' ಎಂಬ ಮಾತಿನ ಬೆಲೆ ಇಷ್ಟು.

ಪುಡಿಯಾಗಿ ಕೊಂಡರೂ ಮೊದಲ ದಿನವೇ ಐದು ಗ್ರಾಂ ಸುರಿದುಕೊಳ್ಳಬೇಡಿ. ಎರಡು ಗ್ರಾಮಿನಿಂದ ಶುರುಮಾಡಿ ವಾರ ಹತ್ತು ದಿನದಲ್ಲಿ ಏರಿಸಿ. ಇಲ್ಲದಿದ್ದರೆ ಹೊಟ್ಟೆಯುಬ್ಬರ, ವಾಯು, ಗುಡುಗು. ಐಬಿಎಸ್ (ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಪದೇ ಪದೇ ಕಾಡುವ ಕರುಳಿನ ತೊಂದರೆ) ಇರುವವರಿಗೆ ಇದೇ ಮೇವು ನೋವು ಹೆಚ್ಚಿಸಬಹುದು; ಅವರು ವೈದ್ಯರನ್ನು ಕೇಳದೆ ಮುಟ್ಟುವುದು ಬೇಡ.

ಅಷ್ಟಕ್ಕೂ ಈ ಮೇವು ನಮ್ಮ ಅಡುಗೆಮನೆಯಲ್ಲೇ ಇದೆ. ಈರುಳ್ಳಿ, ಬೆಳ್ಳುಳ್ಳಿ, ಬಾಳೆಕಾಯಿ, ಹುರುಳಿ, ಅಲಸಂದೆ, ಗೋಧಿ. ಬೇಳೆಕಾಳು ತಿಂದಾಗ ವಾಯು ಆಗುವುದಕ್ಕೆ ಕಾರಣವೇ ಅದರೊಳಗಿನ ಈ ಜಾತಿಯ ಸಕ್ಕರೆಗಳು. ರಾಗಿ ಹಿಟ್ಟಿನಲ್ಲಿ ನೂರು ಗ್ರಾಮಿಗೆ ಸುಮಾರು 11 ಗ್ರಾಂ ನಾರು, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ನಾರೆಲ್ಲವೂ ಪ್ರಿಬಯಾಟಿಕ್ ಅಲ್ಲ, ನಿಜ. ಆದರೂ ಮುದ್ದೆ ಬಿಟ್ಟು ಬಿಳಿ ಅನ್ನಕ್ಕೆ ಇಳಿದ ಮನೆಯವರು ನಾರಿನ ಗಮ್ಮಿ ಮಿಠಾಯಿ ಕೊಳ್ಳುವುದನ್ನು ನೋಡಿದಾಗ ನಗು ತಡೆಯುವುದು ಕಷ್ಟ.

ಹೆಜ್ಜೆ 8: ಒಲೆಯ ಮುಂದೆ ನಿಂತು ಯೋಚಿಸಿ

ಹುದುಗಿದ್ದೆಲ್ಲ ಪ್ರೋಬಯಾಟಿಕ್ ಎಂಬ ಮಾತು ಈಗ ಎಲ್ಲೆಲ್ಲೂ ಕೇಳುತ್ತದೆ. ಇಡ್ಲಿ ಹಿಟ್ಟಿನಲ್ಲಿ ಲ್ಯುಕೊನೋಸ್ಟಾಕ್ ಮುಂತಾದ ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ದುಡಿಯುತ್ತವೆ. ಬೆಳಿಗ್ಗೆ ಹಬೆಯಲ್ಲಿ ಹತ್ತು ನಿಮಿಷ ಇಟ್ಟರೆ ಅವುಗಳ ಕಥೆ ಮುಗಿಯಿತು. ಇಡ್ಲಿ ಒಳ್ಳೆಯ ಆಹಾರ, ಪ್ರೋಬಯಾಟಿಕ್ ಅಲ್ಲ.

ಇದೇ ಕಣ್ಣಿನಿಂದ ನಮ್ಮ ಮಜ್ಜಿಗೆಯ ಅಡುಗೆಗಳನ್ನು ನೋಡಿದರೆ ಸ್ವಾರಸ್ಯವಿದೆ. ಮಜ್ಜಿಗೆ ಹುಳಿಯನ್ನು ಕುದಿಸುತ್ತೇವೆ. ಅಲ್ಲಿ ಜೀವಂತವಾಗಿ ಉಳಿಯುವುದು ಏನೂ ಇಲ್ಲ. ಮಲೆನಾಡಿನ ತಂಬುಳಿ ಹಾಗಲ್ಲ. ನನ್ನ ಅತ್ತೆ ಒಂದೆಲಗದ ತಂಬುಳಿ ಮಾಡುವಾಗ ಜೀರಿಗೆ, ಮೆಣಸನ್ನು ತುಪ್ಪದಲ್ಲಿ ಹುರಿದು, ಸೊಪ್ಪು ಬಾಡಿಸಿ, ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬುತ್ತಾರೆ. ರುಬ್ಬಿದ್ದು ಪೂರ್ತಿ ಆರುವ ತನಕ ಮಜ್ಜಿಗೆಯ ಪಾತ್ರೆಗೆ ಕೈ ಹಾಕುವುದಿಲ್ಲ. ನಾನೊಮ್ಮೆ ಅವಸರಪಟ್ಟಾಗ "ಬಿಸಿಗೆ ಹಾಕಿದರೆ ಒಡೆಯುತ್ತದೆ ಮಾರಾಯ, ಸ್ವಲ್ಪ ತಡಿ" ಎಂದು ಗದರಿದ್ದರು. ಮಜ್ಜಿಗೆ ಒಡೆಯದಿರಲು ಅವರು ಪಾಲಿಸುವ ಆ ಕ್ರಮವೇ ಬ್ಯಾಕ್ಟೀರಿಯಾವನ್ನೂ ಉಳಿಸುತ್ತದೆ. ರಾಗಿ ಅಂಬಲಿಗೂ ಹಾಗೆಯೇ, ಆರಿದ ಮೇಲೆ ಮಜ್ಜಿಗೆ.

ಮನೆಯ ಮೊಸರು ಪ್ರೋಬಯಾಟಿಕ್ಕೇ? ಕಟ್ಟುನಿಟ್ಟಾಗಿ ಹೇಳಿದರೆ ಅಲ್ಲ, ಏಕೆಂದರೆ ಹೆಪ್ಪಿನಲ್ಲಿರುವ ತಳಿ ಯಾವುದೆಂದು ಯಾರೂ ಪರೀಕ್ಷಿಸಿಲ್ಲ. ಅದರಿಂದ ಮೊಸರಿನ ಮರ್ಯಾದೆ ಏನೂ ಕಡಿಮೆಯಾಗುವುದಿಲ್ಲ. ಪ್ರೋಬಯಾಟಿಕ್ ಹೇಳಿಕೆಗಳನ್ನು ಸಾಲುಸಾಲಾಗಿ ತಳ್ಳಿಹಾಕಿದ ಯೂರೋಪಿನ ಪ್ರಾಧಿಕಾರ ಒಪ್ಪಿದ ಹೇಳಿಕೆ ಮೊಸರಿನದು: ಜೀವಂತ ಯೋಗರ್ಟ್ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಜೀರ್ಣಿಸಲು ನೆರವಾಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಜನರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನದಲ್ಲಿ, ಹತ್ತು ವಾರ ಹುದುಗಿದ ಆಹಾರ ತಿಂದವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು.

ಹೆಜ್ಜೆ 9: ಯಾರು ಮುಟ್ಟಬಾರದು

ಪ್ರೋಬಯಾಟಿಕ್‌ನಿಂದ ಕೆಡುಕೇನೂ ಇಲ್ಲ ಎಂಬ ಮಾತನ್ನು ಅಂಗಡಿಯಲ್ಲಿ ಧಾರಾಳವಾಗಿ ಹೇಳುತ್ತಾರೆ. ನೆದರ್‌ಲೆಂಡ್ಸಿನಲ್ಲಿ ತೀವ್ರ ಮೇದೋಜೀರಕ ಗ್ರಂಥಿಯ ಉರಿಯೂತದ ರೋಗಿಗಳಿಗೆ ಪ್ರೋಬಯಾಟಿಕ್ ಕೊಟ್ಟ ಪ್ರಯೋಗದ ವರದಿ 2008ರಲ್ಲಿ ಬಂತು. ಪಡೆದ 152 ಮಂದಿಯಲ್ಲಿ 24 ಸಾವು, ಪಡೆಯದ 144 ಮಂದಿಯಲ್ಲಿ 9. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ವಿಷಯದಲ್ಲಿ ಅಮೆರಿಕದ ಔಷಧ ಪ್ರಾಧಿಕಾರ 2023ರಲ್ಲಿ ಎಚ್ಚರಿಕೆ ಹೊರಡಿಸಿತು. ಕೀಮೋಥೆರಪಿ ಪಡೆಯುತ್ತಿರುವವರು, ಅಂಗಾಂಗ ಕಸಿಯಾದವರು, ರಕ್ತನಾಳಕ್ಕೆ ದೊಡ್ಡ ಕೊಳವೆ ಹಾಕಿಸಿಕೊಂಡವರು, ರೋಗನಿರೋಧಕ ಶಕ್ತಿ ಕುಗ್ಗಿದವರು ತಜ್ಞರ ಮಾತಿಲ್ಲದೆ ಒಂದು ಪೊಟ್ಟಣವನ್ನೂ ಒಡೆಯಬಾರದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಬಿಡದ ಜ್ವರ ಇದ್ದರೆ ದಾರಿ ಆಸ್ಪತ್ರೆಗೆ, ಅಂಗಡಿಗಲ್ಲ.

ಮಲದ ಮಾದರಿ ಕಳುಹಿಸಿದರೆ ನಿಮ್ಮ ಕರುಳಿನ ಜಾತಕ ಬರೆದು, ಅದಕ್ಕೆ ತಕ್ಕ ಪುಡಿಯನ್ನೂ ತಾವೇ ಮಾರುವ ಕಿಟ್‌ಗಳ ಬಗ್ಗೆ ಒಂದೇ ಸಾಲು: ಜಾತಕ ಬರೆದವರೇ ಶಾಂತಿಯ ಖರ್ಚಿನ ಪಟ್ಟಿಯನ್ನೂ ಕೊಟ್ಟರೆ ನೀವು ಏನು ಮಾಡುತ್ತೀರೋ ಇಲ್ಲೂ ಅದನ್ನೇ ಮಾಡಿ.

ಹೆಜ್ಜೆ 10: ದಿನ ಗೊತ್ತುಮಾಡಿ, ಬರೆದಿಡಿ

ಎಲ್ಲವನ್ನೂ ನೋಡಿ ಕೊಂಡದ್ದಾಯಿತು ಎನ್ನಿ. ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ, ನಾಲ್ಕು ವಾರ. ಶುರುಮಾಡುವ ಮುಂಚೆ ಒಂದು ವಾರ ಹೊಟ್ಟೆ ಹೇಗಿತ್ತೆಂದು ಬರೆದಿಟ್ಟುಕೊಳ್ಳಿ: ಎಷ್ಟು ಸಲ ಹೋದಿರಿ, ಉಬ್ಬರವಿತ್ತೇ, ನೋವಿತ್ತೇ. ನಾಲ್ಕು ವಾರದ ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ಅರ್ಧ ಡಬ್ಬಿ ಉಳಿದಿದೆ ಎಂಬ ಕಾರಣಕ್ಕೆ ಮುಂದುವರಿಸಬೇಡಿ. ಔಷಧವಾಗಿ ಮಾರಿದ್ದರಿಂದ ತೊಂದರೆಯಾದರೆ ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ತಿಳಿಸಬಹುದು.

ಅಮ್ಮನ ಕ್ಯಾಪ್ಸೂಲ್ ಪಟ್ಟಿಯನ್ನು ಮರುದಿನ ಹಿಂತಿರುಗಿಸಿದೆ. ಅಂಗಡಿಯವರು ಬೇಸರಿಸಲಿಲ್ಲ, ಕನ್ನಡಕ ಹಾಕಿಕೊಂಡು ತಾವೂ ಹಿಂಭಾಗ ಓದಿ ದುಡ್ಡು ಕೊಟ್ಟರು. ಐದು ದಿನವೂ ಮಧ್ಯಾಹ್ನ ಮೊಸರನ್ನ ನಡೆಯಿತು. ಭೇದಿ ಆಗಲಿಲ್ಲ, ಮೊಸರಿನಿಂದಲೇ ಆಗಲಿಲ್ಲ ಎಂದು ಹೇಳಲಾರೆ, ಆಗದವರೇ ಹೆಚ್ಚು. ಅಮ್ಮ ಮಾತ್ರ ಲೆಕ್ಕ ಇಟ್ಟಿದ್ದರು. ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ, ಅರ್ಧ ಲೀಟರ್ ಹಾಲಿನ ಗುರುತಿನ ಪಕ್ಕದಲ್ಲೇ, ಐದು ದಿನವೂ ಪೆನ್ಸಿಲ್ಲಿನಲ್ಲಿ 'ಸರಿ' ಎಂದು ಬರೆದಿತ್ತು.